ಸಂಕಲನದ ಕೋಣೆ, ಅದರ ಸಾಮಾನು ಸರಂಜಾಮು

35 ಎಂಎಂ ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಅಡಿಗೆ 16 ಚೌಕಟ್ಟು, ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಚಿತ್ರವೆಂದರೆ ಹದಿಮೂರೂವರೆ ಸಾವಿರ ಅಡಿ. ಷೂಟಿಂಗ್ ಮುಗಿಯುವ ಹೊತ್ತಿಗೆ ಇದರ ಹಲವು ಪಟ್ಟು ಫಿಲಂ ಸೇರಿರುತ್ತದೆ. ಒಂದೇ ಮಾತನ್ನು ದೂರದಿಂದ, ಹತ್ತಿರದಿಂದ, ಕೇಳಿಸಿಕೊಳ್ಳುವವನ ಮುಖದ ಮೇಲೆ ಮತ್ತೆ ಮತ್ತೆ ತೆಗೆದಿರುತ್ತಾರೆ. ಅದರಲ್ಲಿ ಯಾವುದು ಉಳಿಯಬೇಕು, ಯಾವುದರ ಹಿಂದೆ ಯಾವುದು ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ತೀರ್ಮಾನಿಸುವ ಕೆಲಸವೇ ಸಂಕಲನ. ಚೆನ್ನಾಗಿ ಆದಷ್ಟೂ ಪ್ರೇಕ್ಷಕರ ಕಣ್ಣಿಗೆ ಬೀಳದ ಕೆಲಸವಿದು. ಇದರ ಉಪಕರಣಗಳ ಚರಿತ್ರೆ ತಿಳಿದವರು ಅಷ್ಟು ಕಡಿಮೆ ಇರುವುದಕ್ಕೂ ಅದೇ ಕಾರಣವಿರಬೇಕು.

ಮೂಕಿ ಚಿತ್ರಗಳ ಕಾಲದಲ್ಲಿ ಕತ್ತರಿ, ಅಂಟು, ಭೂತಗನ್ನಡಿ, ಫಿಲಂ ಸುತ್ತಲು ಎರಡು ಕೈಚಕ್ರ, ಇಷ್ಟೇ ಇದ್ದದ್ದು. ಫಿಲಮ್ಮನ್ನು ಬೆಳಕಿಗೆ ಹಿಡಿದು, ಬೆರಳ ಸಂದಿಯಲ್ಲಿ ಎಳೆದು, ಅದರ ಓಟವನ್ನು ಮನಸ್ಸಿನಲ್ಲೇ ಅಂದಾಜು ಮಾಡಬೇಕಿತ್ತು. ಹಾಲಿವುಡ್ಡಿನ ಆ ವರ್ಷಗಳಲ್ಲಿ ಕತ್ತರಿ ಹಿಡಿದವರಲ್ಲಿ ಹೆಂಗಸರು ಬಹಳ ಮಂದಿ. ಅವರಲ್ಲೊಬ್ಬರಾದ ಮಾರ್ಗರೆಟ್ ಬೂತ್ ಮುಂದೆ ಎಂಜಿಎಂ ಸ್ಟುಡಿಯೋದ ಸಂಕಲನ ವಿಭಾಗದ ಮೇಲ್ವಿಚಾರಕಿಯಾಗಿ ದಶಕಗಳನ್ನೇ ಕಳೆದರು. ಸೋವಿಯತ್ ಒಕ್ಕೂಟದಲ್ಲಿ ಜಿಗಾ ವೆರ್ತೋವ್ 1929ರಲ್ಲಿ ಮಾಡಿದ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ ಚಿತ್ರದ ಸಂಕಲನಕಾರ್ತಿ, ಅವರ ಪತ್ನಿ ಎಲಿಜವೆತಾ ಸ್ವಿಲೋವಾ. ಆಕೆ ಮೇಜಿನ ಮುಂದೆ ಕುಳಿತು ಫಿಲಂ ಕತ್ತರಿಸುವುದು ಆ ಚಿತ್ರದಲ್ಲೇ ಇದೆ. ಈ ಕಸುಬಿನವರು ತೆರೆಯ ಮೇಲೆ ಬಂದ ಅಪರೂಪದ ಸಂದರ್ಭವದು.

ಬೆಳಕಿಗೆ ಹಿಡಿದು ನೋಡುವ ಕಷ್ಟವನ್ನು ತಪ್ಪಿಸಿದ ಯಂತ್ರ ಮೂವಿಯೋಲಾ. ಡಚ್ ಮೂಲದ ಇವಾನ್ ಸೆರೂರಿಯೆ ಅದನ್ನು 1917ರಲ್ಲಿ ರೂಪಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಮನೆಯಲ್ಲಿ ಸಿನಿಮಾ ನೋಡುವ ಪ್ರೊಜೆಕ್ಟರ್. ಬೆಲೆ 600 ಡಾಲರ್, ಕೊಂಡವರು ಬೆರಳೆಣಿಕೆ. ಡಗ್ಲಸ್ ಫೇರ್‌ಬ್ಯಾಂಕ್ಸ್ ಸ್ಟುಡಿಯೋದ ಸಂಕಲನಕಾರರೊಬ್ಬರು ಇದನ್ನು ತಮ್ಮ ಕೆಲಸಕ್ಕೆ ಒಗ್ಗಿಸಿಕೊಡಿ ಎಂದು ಸೂಚಿಸಿದ ಮೇಲೆ ಯಂತ್ರದ ಹಣೆಬರಹ ಬದಲಾಯಿತು. 1924ರಿಂದ ಮುಂದೆ ಸ್ಟುಡಿಯೋಗಳೆಲ್ಲ ಅದನ್ನು ತರಿಸಿಕೊಂಡವು. ನಿಂತ ಯಂತ್ರ, ಅಂಗೈಯಗಲದ ಪರದೆ, ಕಾಲಿನಲ್ಲಿ ಒತ್ತುವ ಪೆಡಲ್, ಹೊಲಿಗೆ ಯಂತ್ರದಂತೆ ಸದಾ ಕಟಕಟ ಸದ್ದು. ಇವಾನ್ ಅವರ ಮಗ ಮಾರ್ಕ್ ಸೆರೂರಿಯೆ ಎಂಜಿನಿಯರ್. ಅಮೆರಿಕದ ಪಾಲೊಮಾರ್ ಬೆಟ್ಟದ 200 ಇಂಚಿನ ದೂರದರ್ಶಕದ ಭಾರೀ ಕನ್ನಡಿಯನ್ನು ನೇರ ಹಿಡಿದಿಡುವ ಉಕ್ಕಿನ ಚೌಕಟ್ಟನ್ನು ವಿನ್ಯಾಸ ಮಾಡಿದವರು ಅವರೇ. ಆಮೇಲೆ ಅಪ್ಪನ ಕಂಪನಿಯನ್ನು ನಡೆಸಿದರು. ಮೂವಿಯೋಲಾವನ್ನು ಬೆಳೆಸಿದ್ದಕ್ಕಾಗಿ 1979ರ ಆಸ್ಕರ್ ತಾಂತ್ರಿಕ ಗೌರವ ಅಪ್ಪನಿಗೂ ಮಗನಿಗೂ ಸಂದಿತು.

ಫಿಲಂ ಕಾಲದ ಕೆಲಸದ ಕ್ರಮ ಹೀಗೆ. ಲ್ಯಾಬಿನಲ್ಲಿ ತೊಳೆದ ನೆಗೆಟಿವ್ ಅಲ್ಲೇ ಭದ್ರವಾಗಿರುತ್ತದೆ. ಅದರಿಂದ ತೆಗೆದ ರಷ್ ಪ್ರಿಂಟ್ ಸಂಕಲನದ ಕೋಣೆಗೆ ಬರುತ್ತದೆ. ಸಹಾಯಕರು ಕ್ಲ್ಯಾಪ್ ಬೋರ್ಡಿನ ಹಲಗೆ ಕೂಡಿದ ಚೌಕಟ್ಟನ್ನೂ ಧ್ವನಿ ಮುದ್ರಿಸಿದ ಮ್ಯಾಗ್ನೆಟಿಕ್ ಫಿಲಮ್ಮಿನ ಮೇಲೆ ಅದರ ‘ಟಪ್’ ಸದ್ದನ್ನೂ ಹುಡುಕಿ ಒಂದಕ್ಕೊಂದು ಹೊಂದಿಸುತ್ತಾರೆ. ಸಂಕಲನಕಾರರು ಬಿಳಿ ಮೇಣದ ಪೆನ್ಸಿಲಿನಿಂದ ಗೆರೆ ಎಳೆದು ಕತ್ತರಿಸುತ್ತಾರೆ. ಬೇಡವಾದ ತುಂಡುಗಳನ್ನೂ ಎಸೆಯುವಂತಿಲ್ಲ, ನಾಳೆ ಬೇಕಾದೀತು. ಬಟ್ಟೆ ಹಾಸಿದ ಡಬ್ಬಿಯ ಮೇಲಿನ ಮೊಳೆಗಳಿಗೆ ನೇತುಹಾಕುತ್ತಾರೆ. ಕೊನೆಗೆ, ಫಿಲಂ ಅಂಚಿನಲ್ಲಿ ಅಡಿಗೊಂದರಂತೆ ಅಚ್ಚಾದ ಸಂಖ್ಯೆಗಳನ್ನು ನೋಡಿ ಮೂಲ ನೆಗೆಟಿವನ್ನೇ ಕತ್ತರಿಸಬೇಕು. ಹತ್ತಿಯ ಕೈಗವಸು ತೊಟ್ಟು ಈ ಕೆಲಸ ಮಾಡುವ ನೆಗೆಟಿವ್ ಕಟರ್‌ಗೆ ತಪ್ಪನ್ನು ತಿದ್ದಿಕೊಳ್ಳುವ ಅವಕಾಶವಿರಲಿಲ್ಲ. ಕನ್ನಡ ಚಿತ್ರಗಳ ಮಟ್ಟಿಗೆ ಈ ಕೆಲಸದ ಬಹುಪಾಲು ಎಷ್ಟೋ ಕಾಲ ನಡೆದದ್ದು ಮದರಾಸಿನ ಲ್ಯಾಬುಗಳಲ್ಲಿ.

ಸಣ್ಣ ಉಪಕರಣಗಳಲ್ಲಿ ದೊಡ್ಡ ಬದಲಾವಣೆ ತಂದದ್ದು ಟೇಪ್ ಸ್ಪ್ಲೈಸರ್. ಮೊದಲು ಫಿಲಮ್ಮಿನ ಲೇಪ ಕೆರೆದು ಅಂಟು ಹಚ್ಚಿ ಕೂಡಿಸಬೇಕಿತ್ತು. ಬಿಚ್ಚಿದರೆ ಚೌಕಟ್ಟು ಹಾಳು. ಫೆಲಿನಿಯ ‘ಲಾ ದೋಲ್ಚೆ ವೀತಾ’ ಸಂಕಲಿಸಿದ ಇಟಲಿಯ ಲಿಯೊ ಕತೋಜೊ ಪಾರದರ್ಶಕ ಟೇಪ್ ಒತ್ತಿ, ಅಂಚಿನ ತೂತುಗಳನ್ನೂ ಒಂದೇ ಸಲಕ್ಕೆ ಕೊರೆಯುವ ಪುಟ್ಟ ಯಂತ್ರ ಮಾಡಿದರು. ಟೇಪನ್ನು ಕಿತ್ತು ಮತ್ತೆ ಅಂಟಿಸಬಹುದು, ಒಂದು ಚೌಕಟ್ಟೂ ನಷ್ಟವಿಲ್ಲ. ಹೀಗಿದ್ದರೆ ಹೇಗೆ ಎಂದು ಪ್ರಯೋಗ ಮಾಡುವ ಧೈರ್ಯ ಸಂಕಲನಕಾರರಿಗೆ ಬಂದದ್ದರಲ್ಲಿ ಇದರ ಪಾಲು ದೊಡ್ಡದು.

ಮೂವಿಯೋಲಾದ ಪಕ್ಕಕ್ಕೆ ಬಂದದ್ದು ಮಲಗಿದ ಮೇಜಿನಂಥ ಯಂತ್ರಗಳು. ಜರ್ಮನಿಯ ಹ್ಯಾಂಬರ್ಗಿನ ಸ್ಟೀನ್‌ಬೆಕ್ ಅವುಗಳಲ್ಲಿ ಹೆಸರಾದದ್ದು, ಕೆಇಎಂ ಇನ್ನೊಂದು. ಇವುಗಳಲ್ಲಿ ಫಿಲಂ ತಟ್ಟೆಗಳ ಮೇಲೆ ಮಲಗಿ, ತಿರುಗುವ ಪ್ರಿಸಂ ಮುಂದೆ ಸದ್ದಿಲ್ಲದೆ ಹರಿಯುತ್ತದೆ. ಮೂವಿಯೋಲಾದಲ್ಲಿ ಬೇಕಾದ ತುಂಡನ್ನು ಮಾತ್ರ ತೆಗೆದು ಹಾಕಬಹುದಾದರೆ, ಇಲ್ಲಿ ರಷ್‌ಗಳನ್ನು ಹತ್ತು ನಿಮಿಷದ ರೀಲುಗಳಾಗಿ ಸುತ್ತಿಟ್ಟಿರುತ್ತಾರೆ. ಕೊನೆಯಲ್ಲಿರುವ ಟೇಕ್ ಬೇಕೆಂದರೆ ನಡುವಿನದ್ದನ್ನೆಲ್ಲ ಓಡಿಸಿಕೊಂಡೇ ಹೋಗಬೇಕು.

ಇದನ್ನು ಕೊರತೆಯೆಂದು ನೋಡದವರು ಅಮೆರಿಕದ ಸಂಕಲನಕಾರ ವಾಲ್ಟರ್ ಮರ್ಚ್. ಹುಡುಕುತ್ತಿರುವುದನ್ನು ತಲುಪುವ ದಾರಿಯಲ್ಲಿ ಹುಡುಕದೇ ಇದ್ದದ್ದು ಕಣ್ಣಿಗೆ ಬೀಳುತ್ತದೆ, ನಿನ್ನೆ ತಳ್ಳಿಹಾಕಿದ ಟೇಕ್ ಇಂದು ಬೇರೆಯೇ ಆಗಿ ಕಾಣುತ್ತದೆ ಎಂಬುದು ಅವರ ಅನುಭವ. ಕೊಪ್ಪೊಲಾ ಅವರ ‘ಅಪಾಕಲಿಪ್ಸ್ ನೌ’ (1979) ಚಿತ್ರಕ್ಕೆ ಹನ್ನೆರಡೂವರೆ ಲಕ್ಷ ಅಡಿ ಫಿಲಂ, ಅಂದರೆ 230 ಗಂಟೆಗೂ ಮಿಕ್ಕಿದ ದೃಶ್ಯ, ಸೇರಿತ್ತು. ತೆರೆಗೆ ಬಂದದ್ದು ಎರಡು ಗಂಟೆ 25 ನಿಮಿಷ. ಆ ತಂಡದ ಸಂಕಲನಕಾರರಲ್ಲೊಬ್ಬರಾಗಿದ್ದ ಮರ್ಚ್ ಆಮೇಲೆ ಲೆಕ್ಕ ಹಾಕಿ ನೋಡಿದರು: ತಲೆಗೆ ದಿನವೊಂದಕ್ಕೆ ಬಿದ್ದದ್ದು 1.47 ಕಟ್. ದಿನವೆಲ್ಲ ದುಡಿದರೂ ಎರಡು ಜೋಡಣೆ ತುಂಬಲಿಲ್ಲ! ಉಳಿದ ಹೊತ್ತೆಲ್ಲ ನೋಡುವುದಕ್ಕೆ, ಕೂಡಿಸಿ ಬಿಚ್ಚುವುದಕ್ಕೆ, ಬೇಡವೆನ್ನುವುದಕ್ಕೆ ಹೋಯಿತು. ಈ ಕಸುಬನ್ನು ಇದಕ್ಕಿಂತ ನಿಚ್ಚಳವಾಗಿ ತಿಳಿಸುವ ಅಂಕಿ ಸಿಗುವುದು ಕಷ್ಟ.

ಮರ್ಚ್ ನಿಂತುಕೊಂಡೇ ಸಂಕಲನ ಮಾಡುತ್ತಾರೆ. ಒಂದೊಂದು ಶಾಟ್‌ನಿಂದಲೂ ಸ್ಥಿರಚಿತ್ರ ತೆಗೆಸಿ ಹಲಗೆಗಳ ಮೇಲೆ ಸಾಲಾಗಿ ಅಂಟಿಸುತ್ತಾರೆ. ಪರದೆಯ ಬದಿಗೆ ಕಾಗದದಲ್ಲಿ ಕತ್ತರಿಸಿದ ಪುಟ್ಟ ಮನುಷ್ಯಾಕೃತಿಗಳನ್ನು ನಿಲ್ಲಿಸುತ್ತಾರೆ; ಥಿಯೇಟರಿನಲ್ಲಿ ಈ ಮುಖ ಎಷ್ಟು ದೊಡ್ಡದಾಗಿ ಕಂಡೀತು ಎಂಬುದು ಮರೆಯದಿರಲಿ ಎಂದು. ಶಾಟ್ ಎಲ್ಲಿ ಮುಗಿಯಬೇಕು ಎಂಬುದನ್ನು ಅದು ಓಡುತ್ತಿರುವಾಗಲೇ ಗುಂಡಿ ಒತ್ತಿ ಗುರುತಿಸುತ್ತಾರೆ, ಮತ್ತೆ ಮೊದಲಿನಿಂದ ಓಡಿಸಿ ಒತ್ತುತ್ತಾರೆ. ಎರಡು ಸಲವೂ ಸೆಕೆಂಡಿನ 24ನೇ ಒಂದು ಭಾಗದ ಅದೇ ಚೌಕಟ್ಟಿಗೆ ಕೈ ನಿಂತರೆ ಅದು ಸರಿಯಾದ ಜಾಗ. ಬೇರೆ ಬೇರೆ ಕಡೆ ನಿಂತರೆ ದೃಶ್ಯ ಇನ್ನೂ ಮನಸ್ಸಿಗೆ ಇಳಿದಿಲ್ಲ. ‘ದಿ ಕಾನ್ವರ್ಸೇಶನ್’ (1974) ಸಂಕಲಿಸುವಾಗ, ತಾವು ಕಟ್ ಮಾಡಬೇಕೆಂದುಕೊಂಡ ಜಾಗಕ್ಕೆ ತೀರಾ ಹತ್ತಿರದಲ್ಲೇ ನಟ ಜೀನ್ ಹ್ಯಾಕ್‌ಮನ್ ರೆಪ್ಪೆ ಬಡಿಯುತ್ತಿದ್ದುದನ್ನು ಅವರು ಗಮನಿಸಿದರು. ಒಂದು ಯೋಚನೆ ಮುಗಿದಾಗ ಮನುಷ್ಯ ರೆಪ್ಪೆ ಬಡಿಯುತ್ತಾನೆ, ಕಟ್ ಬೀಳಬೇಕಾದದ್ದೂ ಅಲ್ಲಿಯೇ ಎಂಬ ಅವರ ವಿಚಾರ ಹುಟ್ಟಿದ್ದು ಹೀಗೆ. ಒಳ್ಳೆಯ ಕಟ್‌ಗೆ ಅವರು ಕೊಟ್ಟ ಅಂಕಗಳೂ ಪ್ರಸಿದ್ಧ: ಭಾವಕ್ಕೆ ನೂರಕ್ಕೆ 51, ಕತೆಗೆ 23, ಲಯಕ್ಕೆ 10, ನೋಟ ಹೋಗುವ ದಿಕ್ಕು, ತೆರೆಯ ಮೇಲಿನ ಜೋಡಣೆ, ಸ್ಥಳದ ನಿರಂತರತೆ ಮೂರಕ್ಕೂ ಸೇರಿ ಮಿಕ್ಕ 16. ಶಾಲೆಗಳಲ್ಲಿ ಮೊದಲು ಕಲಿಸುವ ನಿರಂತರತೆ ಇಲ್ಲಿ ಕಟ್ಟಕಡೆಯದು.

ಟೆಲಿವಿಷನ್ನಿನ ದಾರಿ ಬೇರೆ. ಆಂಪೆಕ್ಸ್ ಕಂಪನಿಯ ಎರಡು ಇಂಚಿನ ವಿಡಿಯೋ ಟೇಪ್ 1956ರಲ್ಲಿ ಬಂತು. ಟೇಪಿನ ಮೇಲೆ ಚಿತ್ರ ಕಣ್ಣಿಗೆ ಕಾಣುವುದಿಲ್ಲ. ಲೋಹದ ಪುಡಿ ಬೆರೆತ ದ್ರವ ಸವರಿ, ಮೂಡಿದ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬ್ಲೇಡಿನಿಂದ ಕತ್ತರಿಸುತ್ತಿದ್ದರು. ಮುಂದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು ಮಾಡುತ್ತ ಜೋಡಿಸುವ ಪದ್ಧತಿ ಬಂತು. ಯು-ಮ್ಯಾಟಿಕ್, ಬೀಟಾಕ್ಯಾಮ್ ಕಾಲದಲ್ಲಿ ಕೆಲಸ ಮಾಡಿದವರಿಗೆ ಅದರ ಪೀಡೆ ಗೊತ್ತು: ನಡುವಿನ ಒಂದು ಶಾಟ್ ಉದ್ದವಾದರೆ ಅಲ್ಲಿಂದಾಚೆಗಿನದ್ದನ್ನೆಲ್ಲ ಮತ್ತೆ ನಕಲು ಮಾಡಬೇಕು, ಪ್ರತಿ ನಕಲಿಗೂ ಚಿತ್ರ ಮಸುಕಾಗುತ್ತದೆ.

ಕಂಪ್ಯೂಟರಿನ ಮೊದಲ ಹೆಜ್ಜೆ 1971ರ ಸಿಎಂಎಕ್ಸ್ 600. ಭಾರೀ ಡಿಸ್ಕುಗಳಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಅರ್ಧ ಗಂಟೆಯ ಕಪ್ಪು-ಬಿಳುಪು ಚಿತ್ರ. 1989ರಲ್ಲಿ ಎವಿಡ್ ಎಂಬ ಡಿಜಿಟಲ್ ಸಂಕಲನ ವ್ಯವಸ್ಥೆ ಬಂದ ಮೇಲೆ ಬದಲಾವಣೆ ಬಿರುಸಾಯಿತು. ‘ದಿ ಇಂಗ್ಲಿಷ್ ಪೇಷೆಂಟ್’ (1996) ಚಿತ್ರವನ್ನು ಫಿಲಮ್ಮಿನ ಮೇಲೆ ಆರಂಭಿಸಿದ ಮರ್ಚ್ ನಡುವೆ ಎವಿಡ್‌ಗೆ ಹೊರಳಿದರು. ಡಿಜಿಟಲ್ ಸಂಕಲನಕ್ಕೆ ಮೊದಲ ಆಸ್ಕರ್ ಬಂದದ್ದು ಅದಕ್ಕೇ. 2003ರ ‘ಕೋಲ್ಡ್ ಮೌಂಟನ್’ ಅವರು ಸಂಕಲಿಸಿದ್ದು ಅಂಗಡಿಯಲ್ಲಿ ಕೊಳ್ಳಬಹುದಾಗಿದ್ದ ಫೈನಲ್ ಕಟ್ ಪ್ರೊ ತಂತ್ರಾಂಶದಲ್ಲಿ.

ಭಾರತದಲ್ಲಿ ಈ ಕಸುಬಿಗೆ ಪಾಠಶಾಲೆ ಕಟ್ಟಿದ್ದು ಪುಣೆಯ ಪ್ರಭಾತ್ ಸ್ಟುಡಿಯೋ ಆವರಣದಲ್ಲಿ 1960ರಲ್ಲಿ ಆರಂಭವಾದ ಫಿಲಂ ಇನ್‌ಸ್ಟಿಟ್ಯೂಟ್. ‘ಪರಿಂದಾ’, ‘ಧಾರಾವಿ’, ‘ಸರ್ದಾರ್’, ‘ಗಾಡ್‌ಮದರ್’ ಚಿತ್ರಗಳಿಗೆ ರಾಷ್ಟ್ರಪ್ರಶಸ್ತಿ ಪಡೆದ ರೇಣು ಸಲೂಜಾ ಅಲ್ಲಿ ಕಲಿತವರು. ಕನ್ನಡದ ಸುರೇಶ್ ಅರಸ್ ಅವರಿಗೆ ಅದೇ ಪ್ರಶಸ್ತಿ ಬಂದದ್ದು ಮಣಿರತ್ನಂ ಅವರ ‘ಬಾಂಬೆ’ (1995) ಚಿತ್ರಕ್ಕೆ.

ಈಗ ಸಂಕಲನದ ತಂತ್ರಾಂಶ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುತ್ತದೆ, ಹಳ್ಳಿಯ ಹುಡುಗಿಯೂ ಫೋನಿನಲ್ಲೇ ಚಿತ್ರ ಜೋಡಿಸಬಲ್ಲಳು. ಇದು ದೊಡ್ಡ ಲಾಭ. ಹೋದದ್ದು ರೀಲು ಸುತ್ತುವಾಗ ಸಿಗುತ್ತಿದ್ದ ಬಿಡುವು, ಆ ಹೊತ್ತಿನಲ್ಲಿ ನಡೆಯುತ್ತಿದ್ದ ಮಾತು, ಪಕ್ಕದಲ್ಲಿ ತುಂಡು ಎಣಿಸುತ್ತ ಕಸುಬು ಕಲಿಯುತ್ತಿದ್ದ ಸಹಾಯಕರು. ಲ್ಯಾಬುಗಳು ಮುಚ್ಚಿದಂತೆ ನೆಗೆಟಿವ್ ಕಟರ್‌ಗಳಿಗೂ ಕೆಲಸವಿಲ್ಲವಾಯಿತು. ಆದರೆ ಹಳೆಯ ರೀಲುಗಳನ್ನು ಡಿಜಿಟಲ್ ಮಾಡುವ ಮುನ್ನ ಹರಿದ ಅಂಚು ಕಟ್ಟುವುದು, ಬಿಟ್ಟ ಜೋಡಣೆ ಕೂಡಿಸುವುದು ಫಿಲಂ ಭಂಡಾರಗಳಲ್ಲಿ ಇವತ್ತಿಗೂ ಕೈಕೆಲಸವೇ. ಸ್ಪ್ಲೈಸರ್ ಹಿಡಿದು ಪಳಗಿದ ಹಿರಿಯರು ಇರುವಾಗಲೇ ಒಂದಷ್ಟು ಎಳೆಯರು ಅವರ ಪಕ್ಕದಲ್ಲಿ ಕುಳಿತು ಅದನ್ನು ಕಲಿತುಕೊಳ್ಳಬೇಕಾಗಿದೆ.