ಅಕ್ಷರ ಕೊರೆಯುವ ಯಂತ್ರವೂ ಕಡತದ ದೋಷಗಳೂ

ಹಿಂದೆ ಕನ್ನಡ ನಾಡಿನಲ್ಲಿ ಒಂದು ಶಿಲಾಶಾಸನ ಸಿದ್ಧವಾಗಬೇಕಾದರೆ ಸಾಮಾನ್ಯವಾಗಿ ಮೂವರ ಕೈ ಕೂಡಬೇಕಾಗಿತ್ತು. ಪಾಠವನ್ನು ರಚಿಸುವವನು ಕವಿ, ಅದನ್ನು ಬರೆದುಕೊಡುವವನು ಲಿಪಿಕಾರ, ಕಲ್ಲಿನಲ್ಲಿ ಕಂಡರಿಸುವವನು ರೂವಾರಿ. ಅನೇಕ ಶಾಸನಗಳ ಕೊನೆಯಲ್ಲಿ ಇವರ ಹೆಸರುಗಳು ದೊರೆಯುತ್ತವೆ. ಲಿಪಿಕಾರನ ಬರಹವನ್ನು ರೂವಾರಿಯು ತಪ್ಪಾಗಿ ಗ್ರಹಿಸಿದರೆ ಆ ತಪ್ಪು ಕಲ್ಲು ಇರುವವರೆಗೂ ಇರುತ್ತಿತ್ತು. ಇಂದು ದಾನಿಗಳ ನಾಮಫಲಕ, ನಿಲಯದ ಹೆಸರು, ದ್ವಾರದ ಬರಹ ಇವುಗಳನ್ನು ಮರದಲ್ಲಿ ಕೊರೆಯುವುದು ಬಹುಮಟ್ಟಿಗೆ ಸಿ.ಎನ್.ಸಿ. ರೂಟರ್ ಎಂಬ ಗಣಕನಿಯಂತ್ರಿತ ಯಂತ್ರ. ರೂವಾರಿ ಬದಲಾದರೂ ತೊಡಕು ಮಾತ್ರ ಹಳೆಯದೇ.

ಈ ಕೆಲಸದಲ್ಲಿ ಮೂರು ಹಂತಗಳಿವೆ. ಮೊದಲು ಒಂದು ತಂತ್ರಾಂಶದಲ್ಲಿ ಚಿತ್ರ ಸಿದ್ಧವಾಗುತ್ತದೆ. ಎರಡನೆಯ ತಂತ್ರಾಂಶವು ಆ ಚಿತ್ರವನ್ನು ಓದಿ, ಕೊರೆಯುವ ಬಿಟ್ ಯಾವ ಹಾದಿಯಲ್ಲಿ ಎಷ್ಟು ಆಳದಲ್ಲಿ ಸಾಗಬೇಕೆಂಬುದನ್ನು ಗೊತ್ತುಮಾಡುತ್ತದೆ. ಇದಕ್ಕೆ ಟೂಲ್‌ಪಾತ್ ಎಂದು ಹೆಸರು. ಮೂರನೆಯದಾಗಿ ಯಂತ್ರವು ಜಿ-ಕೋಡ್ ಎಂಬ ಆಜ್ಞೆಗಳಂತೆ ಚಲಿಸುತ್ತದೆ. ಯಂತ್ರಕ್ಕೆ ಅರ್ಥಜ್ಞಾನವಿಲ್ಲ. ಕಡತದಲ್ಲಿ ಇದ್ದುದನ್ನು ಇದ್ದಂತೆಯೇ ಕೊರೆಯುತ್ತದೆ. ಆದುದರಿಂದ ದೋಷಗಳು ಬಹುತೇಕ ಒಂದು ತಂತ್ರಾಂಶದಿಂದ ಮತ್ತೊಂದಕ್ಕೆ ಕಡತವು ದಾಟುವ ಎಡೆಯಲ್ಲಿಯೇ ಹುಟ್ಟುತ್ತವೆ.

ಮೊದಲನೆಯದು ಲಿಪಿದೋಷ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಆ ಶೈಲಿಯಿಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಯುನಿಕೋಡ್‌ನಲ್ಲಿ ಬರೆದ ಮಾತ್ರಕ್ಕೆ ಕಷ್ಟ ಪರಿಹಾರವಾಗದು. ಒತ್ತಕ್ಷರಗಳನ್ನು ಕೂಡಿಸಲು ಅರಿಯದ ತಂತ್ರಾಂಶದಲ್ಲಿ 'ಪ್ರಸಾದ' ಎಂಬುದು 'ಪ್‌ರಸಾದ' ಎಂದು ಒಡೆಯುತ್ತದೆ. ಇದಕ್ಕೆ ಪರಿಹಾರ ಒಂದೇ: ಬರಹವನ್ನು ಬರೆದ ಗಣಕದಲ್ಲಿಯೇ ಅಕ್ಷರಗಳನ್ನು ರೇಖಾಕೃತಿಗಳಾಗಿ ಪರಿವರ್ತಿಸಿ, ಅನಂತರವೇ ಕಡತವನ್ನು ಕಳುಹಿಸಬೇಕು. ಹಾಗೆ ಪರಿವರ್ತಿಸಿದಾಗ ಮೂಲಾಕ್ಷರದ ರೇಖೆಯೂ ಒತ್ತಿನ ರೇಖೆಯೂ ಒಂದರ ಮೇಲೊಂದು ಹಾಯುವುದುಂಟು. ಅವನ್ನು ಬೆಸೆದು ಒಂದೇ ಹೊರರೇಖೆಯನ್ನಾಗಿ ಮಾಡಬೇಕು.

ಎರಡನೆಯದು ಮಾನದೋಷ. ರೇಖಾಚಿತ್ರಗಳ ವಿನಿಮಯಕ್ಕೆ ಬಳಕೆಯಲ್ಲಿರುವ ಡಿ.ಎಕ್ಸ್.ಎಫ್. ಎಂಬ ಕಡತಸ್ವರೂಪವು 1982ರಲ್ಲಿ ಆಟೊಕ್ಯಾಡ್‌ನೊಡನೆ ಬಂದಿತು. ಇದರಲ್ಲಿ ಸಂಖ್ಯೆಗಳಿರುತ್ತವೆ, ಆದರೆ ಅವು ಮಿಲಿಮೀಟರೋ ಅಂಗುಲವೋ ಎಂಬುದು ಎಲ್ಲ ಕಡತಗಳಲ್ಲಿಯೂ ನಮೂದಾಗಿರುವುದಿಲ್ಲ. 900 ಮಿಲಿಮೀಟರ್ ಅಗಲದ ಫಲಕವನ್ನು ಅಂಗುಲವೆಂದು ಓದಿದರೆ ಅದು ಸುಮಾರು 23 ಮೀಟರ್ ಆಗುತ್ತದೆ! ಇಂತಹ ದೋಷ ಕೂಡಲೇ ಕಣ್ಣಿಗೆ ಬೀಳುತ್ತದೆ. ಅಂಗುಲಕ್ಕೆ 72 ಬಿಂದುಗಳೆಂಬ ಲೆಕ್ಕದಲ್ಲಿ ಉಳಿಸಿದ ಎಸ್.ವಿ.ಜಿ. ಕಡತವನ್ನು 96ರ ಲೆಕ್ಕದಲ್ಲಿ ಓದಿದರೆ ಅದೇ ಫಲಕವು 675 ಮಿಲಿಮೀಟರಿಗೆ ಕುಗ್ಗುತ್ತದೆ. ಈ ದೋಷ ಹೆಚ್ಚು ಮೋಸದ್ದು, ಏಕೆಂದರೆ ನೋಟಕ್ಕೆ ಎಲ್ಲವೂ ಸರಿಯಾಗಿಯೇ ತೋರುತ್ತದೆ. ಆದಕಾರಣ ಚಿತ್ರದ ಒಂದು ಮೂಲೆಯಲ್ಲಿ 100 ಮಿಲಿಮೀಟರಿನ ಚೌಕವೊಂದನ್ನು ಬರೆದಿಟ್ಟು, ಎರಡನೆಯ ತಂತ್ರಾಂಶದಲ್ಲಿ ಅದನ್ನು ಅಳೆದು ನೋಡುವುದು ಜಾಣತನ. ಜಿ-ಕೋಡ್‌ನಲ್ಲಿಯೂ ಜಿ20 ಅಂಗುಲವನ್ನು, ಜಿ21 ಮಿಲಿಮೀಟರನ್ನು ಸೂಚಿಸುತ್ತದೆ. ಅದನ್ನೂ ಪರಿಶೀಲಿಸಬೇಕು.

ಮೂರನೆಯದು ರೇಖಾದೋಷ. ಅಕ್ಷರದ ಒಳಭಾಗವನ್ನು ತೋಡಬೇಕಾದರೆ ಅದರ ಹೊರರೇಖೆ ಪೂರ್ಣವಾಗಿ ಮುಚ್ಚಿಕೊಂಡಿರಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗು ಯಾವುದು ಹೊರಗು ಯಾವುದು ಎಂದು ತಂತ್ರಾಂಶಕ್ಕೆ ತಿಳಿಯದು. ಬಿರುಕನ್ನು ಕೂಡಿಸುವ ಉಪಾಯ ಹೆಚ್ಚಿನ ತಂತ್ರಾಂಶಗಳಲ್ಲಿದೆ. ಆದರೆ ಕೂಡಿಸುವ ಅಂತರವನ್ನು ಅತಿಯಾಗಿ ಹಿಗ್ಗಿಸಿದರೆ ಕೂಡಬಾರದ ರೇಖೆಗಳೂ ಕೂಡಿಬಿಡುತ್ತವೆ. ಒಂದೇ ರೇಖೆ ಎರಡು ಬಾರಿ ಬರೆಯಲ್ಪಟ್ಟಿದ್ದರೆ ಬಿಟ್ ಅದೇ ಹಾದಿಯಲ್ಲಿ ಎರಡು ಸಲ ಸಾಗಿ ಮರ ಕರಿಕಾಗಬಹುದು. ಇನ್ನು ಡಿ.ಎಕ್ಸ್.ಎಫ್.ನ 1992ರ 12ನೆಯ ಆವೃತ್ತಿಯಲ್ಲಿ ಸ್ಪ್ಲೈನ್ ಎಂಬ ನುಣುಪು ವಕ್ರರೇಖೆಗೆ ಸ್ಥಾನವಿರಲಿಲ್ಲ. ಆ ಆವೃತ್ತಿಯನ್ನಷ್ಟೇ ಬಲ್ಲ ತಂತ್ರಾಂಶದಲ್ಲಿ ಅಂತಹ ವಕ್ರಗಳು ಕಾಣೆಯಾಗುತ್ತವೆ. ಕನ್ನಡ ಲಿಪಿಯಾದರೋ ವಕ್ರಗಳಿಂದಲೇ ಆದದ್ದು. ವಕ್ರಗಳನ್ನು ಕಂಸಗಳಾಗಿ, ಕಿರುರೇಖೆಗಳಾಗಿ ಒಡೆದು 12ನೆಯ ಆವೃತ್ತಿಯಲ್ಲಿ ಉಳಿಸಿದರೆ ಈ ತೊಂದರೆ ನೀಗುತ್ತದೆ.

ಕಡತ ನಿರ್ದೋಷವಾಗಿದ್ದಾಗಲೂ ಬಿಟ್ಟಿನ ದಪ್ಪ ಅರ್ಥವನ್ನು ಕೆಡಿಸಬಲ್ಲದು. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಕೆಳಗಿನ ಒಂದು ಕಿರಿಯ ಸೀಳು. ಆ ಸೀಳು 2 ಮಿಲಿಮೀಟರ್ ಇದ್ದು ಬಿಟ್ 6 ಮಿಲಿಮೀಟರ್ ದಪ್ಪವಾಗಿದ್ದರೆ ಬಿಟ್ ಅಲ್ಲಿಗೆ ಹೋಗಲಾರದು. ತಂತ್ರಾಂಶವು ಆ ಭಾಗವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆಗ 'ಧನ' ಕೊಟ್ಟ ಪುಣ್ಯಾತ್ಮರು ಫಲಕದಲ್ಲಿ 'ದನ' ಕೊಟ್ಟವರಾಗುತ್ತಾರೆ. ಸಣ್ಣ ಬಿಟ್ಟನ್ನು ಬಳಸುವುದು ಅಥವಾ ಅಕ್ಷರವನ್ನು ಹಿಗ್ಗಿಸುವುದು ಇದಕ್ಕೆ ಮದ್ದು.

ಕೊನೆಯದಾಗಿ, ಟೂಲ್‌ಪಾತ್ ಸಿದ್ಧವಾದ ಮೇಲೆ ಪರದೆಯ ಮೇಲಿನ ಅಣಕು ಕೆತ್ತನೆಯನ್ನು ಕನ್ನಡ ಬಲ್ಲವರೊಬ್ಬರು ಅಕ್ಷರ ಅಕ್ಷರವಾಗಿ ಓದಬೇಕು. ಬಳಿಕ ಬಿಟ್ಟನ್ನು ಮರದಿಂದ ಮೇಲೆತ್ತಿ ಒಮ್ಮೆ ಬರಿದೆ ಓಡಿಸಿ, ಅಗ್ಗದ ಹಲಗೆಯಲ್ಲಿ ಒಂದು ಮಾದರಿ ಕೊರೆದು, ಆಮೇಲೆ ತೇಗದ ಹಲಗೆಗೆ ಕೈಹಾಕಬೇಕು. ಕಾಗದದ ತಪ್ಪನ್ನು ಅಳಿಸಬಹುದು. ಕೊರೆದ ಮರವನ್ನು ಮತ್ತೆ ತುಂಬಲಾಗದು. ತಾನು ಕೊಟ್ಟ ದಾನಕ್ಕೆ ದಾನಿಯು ಪ್ರತಿಫಲವನ್ನು ಬಯಸಲಾರ. ಆದರೆ ಅವನ ಹೆಸರನ್ನು ಬರೆಯಿಸುವ ಸಂಸ್ಥೆಗೆ ಅದನ್ನು ತಪ್ಪಿಲ್ಲದೆ ಬರೆಯಿಸುವ ಹೊಣೆಯುಂಟು. ನಾಶವಿಲ್ಲದ್ದು ಅಕ್ಷರ ಎಂದು ಬಲ್ಲವರು ಹೇಳುತ್ತಾರೆ. ಮರದಲ್ಲಿ ಕೊರೆದ ದೋಷಕ್ಕೂ ಆ ಮಾತು ಸಲ್ಲುತ್ತದೆ.