ಭಾನುವಾರದ ‘ಗ್ರೇವಿ’: ಕುಕ್ಕರ್‌ಗೆ ಒಗ್ಗದ ಅಡುಗೆ

ನ್ಯೂಯಾರ್ಕ್, ಫಿಲಡೆಲ್ಫಿಯಾ ಮುಂತಾದ ನಗರಗಳ ಇಟಲಿ ಮೂಲದ ಅನೇಕ ಕುಟುಂಬಗಳು ಮಾಂಸ ಬೆರೆತ ಟೊಮೆಟೊ ಸಾಸನ್ನು ‘ಸಂಡೇ ಗ್ರೇವಿ’ ಎಂದು ಕರೆಯುತ್ತವೆ. ಇದರ ಹಿಂದೆ ವಲಸೆಯ ಕಥೆಯಿದೆ.

1880ರಿಂದ 1920ರ ದಶಕದವರೆಗೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ವಲಸೆ ಹೋದರು. ಬಹುತೇಕರು ನೇಪಲ್ಸ್, ಸಿಸಿಲಿ ಮೊದಲಾದ ದಕ್ಷಿಣ ಭಾಗದ ಬಡವರು. ತಾಯ್ನಾಡಿನಲ್ಲಿ ಹಬ್ಬ ಹರಿದಿನಗಳಿಗಷ್ಟೇ ಮೀಸಲಾಗಿದ್ದ ಮಾಂಸ ಹೊಸ ನೆಲದಲ್ಲಿ ಕೈಗೆಟುಕಿತು. ನೇಪಲ್ಸ್‌ನ ‘ರಗೂ’ ಅಲ್ಲಿ ಪ್ರತಿ ಭಾನುವಾರದ ಊಟವಾಯಿತು.

ತಯಾರಿಸುವ ವಿಧಾನ ಸರಳ. ದಪ್ಪ ತಳದ ಪಾತ್ರೆಯಲ್ಲಿ ಆಲಿವ್ ಎಣ್ಣೆ ಕಾಯಿಸಿ, 1 ಕಿಲೋ ಹಂದಿ ಪಕ್ಕೆಲುಬಿನ ಮಾಂಸವನ್ನು ಕಂದುಬಣ್ಣ ಬರುವವರೆಗೆ ಹುರಿದು ತೆಗೆದಿಡಿ. ಕುರಿಮಾಂಸವೂ ಆಗಬಹುದು. ಅದೇ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, 2 ಚಮಚ ಟೊಮೆಟೊ ಪೇಸ್ಟ್ ಬಾಡಿಸಿ. ಸಿಪ್ಪೆ ತೆಗೆದು ಹಿಸುಕಿದ ಒಂದೂವರೆ ಕಿಲೋ ಟೊಮೆಟೊ, ಉಪ್ಪು ಸೇರಿಸಿ ಮಾಂಸವನ್ನು ಮತ್ತೆ ಹಾಕಿ. ಮುಚ್ಚಳವನ್ನು ಅರೆ ತೆರೆದಿಟ್ಟು, ಸಣ್ಣ ಉರಿಯಲ್ಲಿ 3ರಿಂದ 4 ಗಂಟೆ ಬೇಯಿಸಿ. ತಳ ಹಿಡಿಯದಂತೆ ಆಗಾಗ್ಗೆ ಕೈಯಾಡಿಸಿ. ಕೊನೆಯಲ್ಲಿ ಬೇಸಿಲ್ ಎಲೆ ಉದುರಿಸಿ.

ಇಷ್ಟು ಹೊತ್ತು ಏಕೆ? ಗಟ್ಟಿ ಮಾಂಸದಲ್ಲಿರುವ ಕೊಲಾಜನ್ ನಿಧಾನವಾಗಿ ಜೆಲಟಿನ್ ಆಗಿ ಕರಗುತ್ತದೆ. ಸಾಸ್‌ಗೆ ಮೈ ಬರುವುದು ಅದರಿಂದಲೇ. ಜೊತೆಗೆ ಟೊಮೆಟೊದ ನೀರು ಆರಿ ರುಚಿ ಸಾಂದ್ರಗೊಳ್ಳುತ್ತದೆ. ಕುಕ್ಕರ್‌ನಲ್ಲಿ ಮಾಂಸವೇನೋ ಬೇಗ ಮೆತ್ತಗಾಗುತ್ತದೆ, ಆದರೆ ನೀರು ಒಳಗೇ ಉಳಿದು ಸಾಸ್ ತೆಳುವಾಗುತ್ತದೆ.

ಬಡಿಸುವುದಕ್ಕೂ ಕ್ರಮವಿದೆ. ಮೊದಲು ಸಾಸ್ ಬೆರೆಸಿದ ಪಾಸ್ತಾ, ಅನಂತರ ಬೇರೆ ತಟ್ಟೆಯಲ್ಲಿ ಮಾಂಸ. ಒಂದೇ ಪಾತ್ರೆಯಿಂದ ಎರಡು ಸುತ್ತಿನ ಊಟ.