ಕ್ಯಾನ್ಸರ್ ಚಿಕಿತ್ಸೆಗೆ ಮೊದಲೇ ಕೇಳಬೇಕಾದ ಮಾತು



ಬರಡು ರಾಸುಗಳ ತಪಾಸಣಾ ಶಿಬಿರವೊಂದರಲ್ಲಿ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ ಸದಸ್ಯೆಯೊಬ್ಬರು ಹತ್ತಿರ ಬಂದು, "ಸಾರ್, ನನ್ನ ಮಗಳಿಗೆ ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಅಂದಿದ್ದಾರೆ. ಮದುವೆಯಾಗಿ ಒಂದೇ ವರ್ಷ. ಇನ್ನು ಮಕ್ಕಳೇ ಆಗೋದಿಲ್ವಾ?" ಎಂದು ಕೇಳಿದರು. ನಾನು ದನದ ಡಾಕ್ಟರು. ಉತ್ತರ ಹೇಳಬೇಕಾದವರು ಕ್ಯಾನ್ಸರ್ ತಜ್ಞರು. ಆದರೆ ಈ ಪ್ರಶ್ನೆಯನ್ನು ಚಿಕಿತ್ಸೆ ಶುರುವಾಗುವ ಮೊದಲೇ ಅವರ ಮುಂದಿಡಬೇಕೆಂದು ಒತ್ತಿ ಹೇಳಿದೆ. ತಮಗೂ ತಿಳಿದಿರಲೆಂದು ಈ ಲೇಖನ.

ಹೆಣ್ಣಿನ ಅಂಡಾಶಯದಲ್ಲಿ ಅಂಡಾಣುಗಳ ದಾಸ್ತಾನು ಹುಟ್ಟುವಾಗಲೇ ಇರುತ್ತದೆ, ಆಮೇಲೆ ಬರೀ ಖರ್ಚು. ಹಸುವಿನಲ್ಲೂ ಹೀಗೆಯೇ. ಕೆಲವು ಕ್ಯಾನ್ಸರ್ ಔಷಧಿಗಳೂ ಕಿಬ್ಬೊಟ್ಟೆಗೆ ಕೊಡುವ ವಿಕಿರಣವೂ ಈ ದಾಸ್ತಾನನ್ನು ಸುಟ್ಟುಬಿಡುತ್ತವೆ. ವಿಕಿರಣದಿಂದ ಗರ್ಭಕೋಶಕ್ಕೂ ಹಾನಿಯುಂಟು.

ರೋಗ ಬೇಗ ಪತ್ತೆಯಾದರೆ ದಾರಿಗಳಿವೆ. ಗರ್ಭಕಂಠದ ಗಡ್ಡೆ ಸಾಮಾನ್ಯವಾಗಿ 2 ಸೆಂ.ಮೀ. ಒಳಗಿದ್ದು ಬೇರೆಡೆ ಹರಡಿರದಿದ್ದರೆ, ಕಂಠವನ್ನಷ್ಟೇ ತೆಗೆದು ಗರ್ಭಕೋಶ ಉಳಿಸಲು ಸಾಧ್ಯ. ಫ್ರಾನ್ಸಿನ ಶಸ್ತ್ರವೈದ್ಯ ಡೇನಿಯಲ್ ದಾರ್ಜಾಂ ರೂಪಿಸಿದ ವಿಧಾನವಿದು. ಹೀಗೆ ಗರ್ಭ ನಿಂತವರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಹೆಚ್ಚು. ಒಂದೇ ಅಂಡಾಶಯದಲ್ಲಿ ರೋಗವಿದ್ದರೆ ಕೆಲವರಲ್ಲಿ ಅದೊಂದನ್ನೇ ತೆಗೆಯುತ್ತಾರೆ. ವಿಕಿರಣ ಕೊಡುವ ಮುನ್ನ ಅಂಡಾಶಯಗಳನ್ನು ಮೇಲಕ್ಕೆ ಸರಿಸಿ ಹೊಲಿಯುವುದೂ ಉಂಟು.

ಇನ್ನೊಂದು ದಾರಿ ತಮಗೆ ಪರಿಚಿತವೇ. ನಮ್ಮ ಕೃತಕ ಗರ್ಭಧಾರಣೆ ಕಾರ್ಯಕರ್ತರ ಜಾಡಿಯಲ್ಲಿ ವೀರ್ಯದ ಸ್ಟ್ರಾಗಳು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಮುಳುಗಿರುತ್ತವಲ್ಲ, ಅಂಡಾಣು ಮತ್ತು ಭ್ರೂಣಗಳನ್ನೂ ಅದೇ ಚಳಿಯಲ್ಲಿ ಕಾಪಾಡುತ್ತಾರೆ. ಅಂಡಾಣು ಬೆಳೆಸಿ ಹೊರತೆಗೆಯಲು ಸುಮಾರು ಎರಡು ವಾರ ಬೇಕು. ಮೈನೆರೆಯದ ಹುಡುಗಿಯರಲ್ಲಿ ಅಂಡಾಶಯದ ಚೂರನ್ನೇ ತೆಗೆದಿಡಬೇಕಾಗುತ್ತದೆ. ಹೀಗೆ ತೆಗೆದಿಟ್ಟು ಮತ್ತೆ ಕೂರಿಸಿದ ಅಂಡಾಶಯದಿಂದ ಕುರಿಮರಿ ಹುಟ್ಟಿದ್ದನ್ನು ರೋಜರ್ ಗಾಸ್ಡೆನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ಹತ್ತು ವರ್ಷದ ಮೇಲೆ, 2004ರಲ್ಲಿ, ಬೆಲ್ಜಿಯಂನಲ್ಲಿ ದುಗ್ಧಗ್ರಂಥಿ ಕ್ಯಾನ್ಸರಿನಿಂದ ಗುಣವಾದ ಮಹಿಳೆಗೆ ಇದೇ ರೀತಿ ಹೆಣ್ಣು ಮಗುವಾಯಿತು. ಕುರಿ ತೋರಿಸಿದ ದಾರಿ ಎಂದು ನಮ್ಮ ವೃತ್ತಿಯವರಿಗೆ ಸ್ವಲ್ಪ ಹೆಮ್ಮೆ! ಆದರೆ ಅಂಡಾಶಯದ್ದೇ ಕ್ಯಾನ್ಸರ್ ಇದ್ದಾಗ ಚೂರಿನೊಡನೆ ರೋಗವೂ ಮರಳಬಹುದಾದ್ದರಿಂದ ಈ ಕ್ರಮ ಹೊಂದುವುದಿಲ್ಲ.

ಸ್ಟ್ರಾ ಹಾಕಿಸಿದ ಹಸುಗಳೆಲ್ಲ ಗಬ್ಬವಾಗುವುದಿಲ್ಲ. ಇಲ್ಲಿಯೂ ಖಾತ್ರಿಯಿಲ್ಲ, ಖರ್ಚೂ ಇದೆ. ರೋಗ ಮುಂದುವರಿದಿದ್ದರೆ ಕಾಯುತ್ತಾ ಕೂರುವಂತಿಲ್ಲ, ಜೀವ ಮೊದಲು. ಅದನ್ನು ತೀರ್ಮಾನಿಸುವವರು ತಜ್ಞರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಬೇರೆ ಆಸ್ಪತ್ರೆಗಾಗಲಿ ಮೊದಲ ಸಲ ಹೋದ ದಿನವೇ, "ನಮಗೆ ಮುಂದೆ ಮಕ್ಕಳು ಬೇಕು, ಏನಾದರೂ ಉಳಿಸಬಹುದೇ?" ಎಂದು ನಾಚಿಕೆಯಿಲ್ಲದೆ ಕೇಳಿ. ಆ ಹುಡುಗಿಯೂ ಜೊತೆಯಲ್ಲಿರಲಿ. ಅತ್ತೆ ಮಾವ ಆಮೇಲೆ ಕೇಳಲಿ.